ಹುರಿದ ಕಟಗಿ, ಉಳಿದ ಕಲ್ಲಿದ್ದಲು



ಸೊಲ್ಲಾಪುರದ ಶೇಂಗಾ ಚಟ್ನಿ ತಿನ್ನದವರು ನಮ್ಮಲ್ಲಿ ಯಾರಿದ್ದಾರೆ? ಆ ಚಟ್ನಿ ಕುಟ್ಟುವ ಮೊದಲು ಶೇಂಗಾ ಹುರಿಯುತ್ತಾರೆ. ಯಾಕೆ ಹುರಿಯಬೇಕು? ಹಸಿ ಶೇಂಗಾವನ್ನೇ ಒಳ್ಳಿಗೆ ಹಾಕಿ ಕುಟ್ಟಿದರೆ ಆಗೂದಿಲ್ಲೇನು? ರುಚಿಯ ಮಾತು ಹಾಗಿರಲಿ, ಹಸಿ ಕಾಳು ಸರಿಯಾಗಿ ಪುಡಿಯಾಗುವುದೇ ಇಲ್ಲ. ಒನಕೆಯ ಕೆಳಗೆ ಜಾರುತ್ತದೆ, ಮೆತ್ತಗೆ ಅಂಟಿಕೊಳ್ಳುತ್ತದೆ. ಹುರಿದ ಕಾಳಿನಲ್ಲಿ ಎರಡು ಬದಲಾವಣೆ ಆಗಿರುತ್ತವೆ. ಒಂದು, ನೀರಿನಂಶ ಹೋಗಿ ತೂಕ ಇಳಿದಿರುತ್ತದೆ. ಎರಡು, ಕಾಳು ಗರಿಗರಿಯಾಗಿ ನಾಲ್ಕು ಏಟಿಗೆ ಪುಡಿಯಾಗುತ್ತದೆ.

ಈ ಎರಡು ಮಾತು ನೆನಪಿಡಿ. ಇದೇ ಕೆಲಸವನ್ನು ತೊಗರಿ ಕಟಗಿಗೆ, ಹತ್ತಿ ಕಟಗಿಗೆ, ಭತ್ತದ ಹುಲ್ಲಿಗೆ ಮಾಡಿದರೆ ಏನಾಗುತ್ತದೆ, ಹಾಗೆ ಹುರಿದದ್ದನ್ನು ಕಲ್ಲಿದ್ದಲಿನ ಜೊತೆ ಬೆರೆಸಿ ವಿದ್ಯುತ್ ತಯಾರಿಸಿದರೆ ಗಾಳಿಗೆ ಹೋಗುವ ಇಂಗಾಲ ಎಷ್ಟು ಕಡಿಮೆಯಾಗುತ್ತದೆ ಎಂಬುದೇ ಈ ಪಾಠ. ಕೈಯಲ್ಲಿ ಪೆನ್ಸಿಲ್ ಇರಲಿ. ನಡುನಡುವೆ ಲೆಕ್ಕ ಬರುತ್ತದೆ.

ಎರಡು ಬಗೆಯ ಇಂಗಾಲ

ಭಾರತದಲ್ಲಿ ತಯಾರಾಗುವ ವಿದ್ಯುತ್ತಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲು ಕಲ್ಲಿದ್ದಲಿನಿಂದ ಬರುತ್ತದೆ. ಸೊಲ್ಲಾಪುರ ಕಡೆಯವರು ಹೋಟಗಿ ಹತ್ತಿರದ ಫತಾಟೇವಾಡಿಯ ಎನ್‌ಟಿಪಿಸಿ ಸ್ಥಾವರದ ಎತ್ತರದ ಚಿಮಣಿಯನ್ನು ದೂರದಿಂದಲಾದರೂ ನೋಡಿರುತ್ತೀರಿ. ಅಲ್ಲಿ ತಲಾ 660 ಮೆಗಾವ್ಯಾಟಿನ ಎರಡು ಘಟಕಗಳಿವೆ. ಒಟ್ಟು 1320 ಮೆಗಾವ್ಯಾಟ್. ಕಲ್ಲಿದ್ದಲನ್ನು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಬೀಸಿ, ಬಿಸಿಗಾಳಿಯ ಜೊತೆ ಬಾಯ್ಲರಿಗೆ ಊದುತ್ತಾರೆ. ಅದು ಉರಿದು ನೀರು ಉಗಿಯಾಗುತ್ತದೆ, ಉಗಿ ಟರ್ಬೈನನ್ನು ತಿರುಗಿಸುತ್ತದೆ, ಟರ್ಬೈನು ಜನರೇಟರನ್ನು ತಿರುಗಿಸುತ್ತದೆ.

ಉರಿಯುವಾಗ ಏನಾಗುತ್ತದೆ? ಇಂಗಾಲ ಆಕ್ಸಿಜನ್ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಇಂಗಾಲದ ಪರಮಾಣು ತೂಕ 12, ಆಕ್ಸಿಜನ್ನಿನದು 16. ಆದ್ದರಿಂದ 12 ಗ್ರಾಂ ಇಂಗಾಲ ಸುಟ್ಟರೆ 12 + 32 = 44 ಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಬಹಳ. ಒಂದು ಕಿಲೋದಲ್ಲಿ 400 ಗ್ರಾಂ ಇಂಗಾಲ ಇದೆ ಎಂದು ಹಿಡಿಯೋಣ. ಆಗ:

0.4 × 44 ÷ 12 = 1.47 ಕಿಲೋ

ಒಂದು ಕಿಲೋ ಕಲ್ಲಿದ್ದಲು ಹಾಕಿದರೆ ಸುಮಾರು ಒಂದೂವರೆ ಕಿಲೋ ಅನಿಲ ಚಿಮಣಿಯಿಂದ ಹೊರಬರುತ್ತದೆ. ಹಾಕಿದ್ದಕ್ಕಿಂತ ಬಂದದ್ದು ಹೆಚ್ಚು ಎಂದು ಆಶ್ಚರ್ಯಪಡಬೇಡಿ. ಹೆಚ್ಚಿನ ತೂಕ ಗಾಳಿಯ ಆಕ್ಸಿಜನ್ನಿನದು.

ಈಗ ನಿಮ್ಮಲ್ಲಿ ಯಾರಾದರೂ ಕೇಳಬಹುದು: "ಸರ್, ಕಟಗಿ ಸುಟ್ಟರೂ ಅದೇ ಅನಿಲ ಬರತದಲ್ಲ? ಮತ್ತ ಲಾಭ ಏನು?"

ಒಳ್ಳೆಯ ಪ್ರಶ್ನೆ. ಎರಡೂ ಒಲೆಯಿಂದ ಬರುವ ಅಣು ಒಂದೇ. ಗಾಳಿಗೆ ಅವುಗಳ ನಡುವೆ ವ್ಯತ್ಯಾಸ ಗೊತ್ತಾಗುವುದಿಲ್ಲ. ವ್ಯತ್ಯಾಸ ಇರುವುದು ಆ ಇಂಗಾಲ ಎಲ್ಲಿಂದ ಬಂತು ಎಂಬುದರಲ್ಲಿ. ಭಾರತದ ಹೆಚ್ಚಿನ ಕಲ್ಲಿದ್ದಲು ಗೊಂಡ್ವಾನಾ ಕಾಲದ್ದು, ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದಿನ ಗಿಡಮರಗಳ ಅವಶೇಷ. ಆ ಇಂಗಾಲ ನೆಲದೊಳಗೆ ಬೀಗ ಹಾಕಿ ಇಟ್ಟ ಹಣದಂತೆ ಇತ್ತು. ಅದನ್ನು ತೆಗೆದು ಸುಟ್ಟರೆ ಗಾಳಿಗೆ ಹೊಸದಾಗಿ ಸೇರುತ್ತದೆ. ಕಾರ್ಖಾನೆಗಳ ಯುಗ ಶುರುವಾಗುವ ಮೊದಲು ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇಂಗಾಲದ ಡೈಆಕ್ಸೈಡಿನವು ಇದ್ದವು. ಇಂದು ಅದು 420 ದಾಟಿದೆ.

ತೊಗರಿ ಕಟಗಿಯ ಇಂಗಾಲ ಹಾಗಲ್ಲ. ಅದು ಈ ಮುಂಗಾರಿನಲ್ಲಿ ಬಿತ್ತಿದ ಗಿಡ ಎಲೆಗಳಿಂದ ಗಾಳಿಯನ್ನು ಎಳೆದುಕೊಂಡು ಕಟ್ಟಿದ ಮೈ. ಅದು ಹೊಲದಲ್ಲಿ ಕೊಳೆತರೂ, ಬದುವಿನಲ್ಲಿ ಸುಟ್ಟರೂ, ಬಾಯ್ಲರಿನಲ್ಲಿ ಉರಿದರೂ ಅದೇ ಇಂಗಾಲ ಗಾಳಿಗೆ ಮರಳುತ್ತದೆ. ಮುಂದಿನ ಬೆಳೆ ಅದನ್ನು ಮತ್ತೆ ಎಳೆದುಕೊಳ್ಳುತ್ತದೆ. ಇದು ಕೈಯಿಂದ ಕೈಗೆ ತಿರುಗುವ ಹಣ. ಬೆಳೆಯ ಶೇಷ ಸುಟ್ಟು ಅಷ್ಟು ಕಲ್ಲಿದ್ದಲನ್ನು ಉಳಿಸಿದರೆ, ಬೀಗದೊಳಗಿನ ಇಂಗಾಲ ಬೀಗದೊಳಗೇ ಉಳಿಯುತ್ತದೆ. ಲಾಭ ಅಷ್ಟೇ, ಆದರೆ ಅದು ಸಣ್ಣದಲ್ಲ.

ಹಸಿದನ್ನೇ ಹಾಕಿದರೆ ಆಗೂದಿಲ್ಲೇನು?

ಹಾಗಿದ್ದರೆ ಕಟಗಿಯ ಗಾಡಿಯನ್ನು ನೇರವಾಗಿ ಸ್ಥಾವರಕ್ಕೆ ಹೊಡೆದರೆ ಆಯಿತಲ್ಲ? ಆಗುವುದಿಲ್ಲ. ನಾಲ್ಕು ಅಡ್ಡಿಗಳಿವೆ.

ಮೊದಲನೆಯದು ನೀರು. ಒಣ ಕಟಗಿಯ ಒಂದು ಕಿಲೋ ಸುಮಾರು 4,000 ಕಿಲೋಕ್ಯಾಲರಿ ಶಾಖ ಕೊಡುತ್ತದೆ ಎಂದುಕೊಳ್ಳಿ. ಈಗ ಅರ್ಧ ನೀರು, ಅರ್ಧ ಕಟಗಿ ಇರುವ ಒಂದು ಕಿಲೋ ಹಸಿ ಸೌದೆ ತೆಗೆದುಕೊಳ್ಳಿ. ಅರ್ಧ ಕಿಲೋ ಕಟಗಿ 2,000 ಕಿಲೋಕ್ಯಾಲರಿ ಕೊಡಬೇಕು. ಆದರೆ ಅರ್ಧ ಕಿಲೋ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಿ ಆವಿಯಾಗಿಸಬೇಕು. ಒಂದು ಕಿಲೋ ನೀರಿಗೆ ಕಾಯಿಸಲು 75, ಆವಿಯಾಗಿಸಲು 540, ಒಟ್ಟು 615 ಕಿಲೋಕ್ಯಾಲರಿ. ಅರ್ಧ ಕಿಲೋಗೆ ಸುಮಾರು 308. ಕೈಗೆ ಸಿಕ್ಕಿದ್ದು 1,700ಕ್ಕೂ ಕಡಿಮೆ. ಮಳೆಗಾಲದಲ್ಲಿ ಅವ್ವ ಹಸಿ ಕಟಗಿಯನ್ನು ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳುವುದು ಇದಕ್ಕೇ. ಉರಿಯ ಒಂದು ಪಾಲು ನೀರನ್ನು ಓಡಿಸುವುದರಲ್ಲೇ ಮುಗಿಯುತ್ತದೆ.

ಎರಡನೆಯದು ಗಾತ್ರ. ತೊಗರಿ ಕಟಗಿಯ ಹೊರೆ ನೋಡಲು ಗುಡ್ಡದಂತೆ, ಎತ್ತಿದರೆ ಹಗುರ. ಲಾರಿ ತುಂಬಿದರೂ ಅರ್ಧಕ್ಕಿಂತ ಹೆಚ್ಚು ಗಾಳಿಯೇ ಪ್ರಯಾಣ ಮಾಡುತ್ತದೆ. ಡೀಸೆಲ್ ಮಾತ್ರ ಅಷ್ಟೇ ಖರ್ಚಾಗುತ್ತದೆ.

ಮೂರನೆಯದು ನಾರು. ಕಲ್ಲಿದ್ದಲಿನ ಗಿರಣಿ ಕಲ್ಲಿನಂಥ ವಸ್ತುವನ್ನು ಒಡೆಯಲು ಮಾಡಿದ್ದು. ಕಲ್ಲಿದ್ದಲು ಏಟಿಗೆ ಸೀಳುತ್ತದೆ. ಹಸಿ ಕಟಗಿ ಬಾಗುತ್ತದೆ, ನಾರು ನಾರಾಗಿ ಬಿಚ್ಚಿಕೊಂಡು ಗಿರಣಿಗೆ ಸುತ್ತಿಕೊಳ್ಳುತ್ತದೆ. ಅಲ್ಲದೆ ಸಸ್ಯವಸ್ತು ಬಿಸಿಗಾಳಿಯಲ್ಲಿ ಕಲ್ಲಿದ್ದಲಿಗಿಂತ ಬೇಗ ಹೊತ್ತಿಕೊಳ್ಳುವ ಅನಿಲ ಬಿಡುತ್ತದೆ. ಗಿರಣಿಯೊಳಗೇ ಬೆಂಕಿ ಬಿದ್ದರೆ ಅಪಾಯ.

ನಾಲ್ಕನೆಯದು ಸಂಗ್ರಹ. ಬೆಳೆ ಬರುವುದು ವರ್ಷಕ್ಕೆ ಒಮ್ಮೆ, ವಿದ್ಯುತ್ ಬೇಕಾಗುವುದು ವರ್ಷವಿಡೀ. ಕಟಗಿಯನ್ನು ಬಯಲಿನಲ್ಲಿ ಒಟ್ಟಿದರೆ ಮಳೆಗೆ ನೀರು ಕುಡಿದು ಕೊಳೆಯುತ್ತದೆ, ಶಿಲೀಂಧ್ರ ಹಿಡಿಯುತ್ತದೆ.

ಈ ನಾಲ್ಕರಲ್ಲಿ ಎರಡನೆಯದಕ್ಕೆ ಒಂದು ಸುಲಭದ ಉಪಾಯ ಉಂಟು: ಕಟಗಿಯನ್ನು ಪುಡಿಮಾಡಿ, ಯಂತ್ರದಲ್ಲಿ ಒತ್ತಿ, ಬೆರಳು ಗಾತ್ರದ ಗಟ್ಟಿ ತುಂಡು ಮಾಡುವುದು. ಇದನ್ನು ಪೆಲೆಟ್ ಎನ್ನುತ್ತಾರೆ. ದೊಡ್ಡ ಗಾತ್ರದವು ಬ್ರಿಕೆಟ್. ಒಂದು ಘನ ಮೀಟರಿನಲ್ಲಿ ಪೆಲೆಟ್ 600 ಕಿಲೋಗೂ ಹೆಚ್ಚು ಹಿಡಿಯುತ್ತದೆ. ಆದರೆ ಬರೀ ಒತ್ತಿದ ಪೆಲೆಟ್ ಮಳೆಗೆ ಸಿಕ್ಕರೆ ನೆನೆದ ಬಿಸ್ಕೀಟಿನಂತೆ ಉಬ್ಬಿ ಪುಡಿಯಾಗುತ್ತದೆ. ಹಾಗಾಗಿ ಇನ್ನೊಂದು ಉಪಚಾರ ಬೇಕು. ಅದೇ ಹುರಿಯುವುದು.

ಹುರಿಯುವುದು ಅಂದರೇನು?

ಇದರ ಶಾಸ್ತ್ರೀಯ ಹೆಸರು ಟಾರಿಫ್ಯಾಕ್ಷನ್. ಫ್ರೆಂಚ್ ಭಾಷೆಯಲ್ಲಿ ಕಾಫಿಬೀಜ ಹುರಿಯುವುದಕ್ಕೂ ಇದೇ ಪದ. ಸಸ್ಯವಸ್ತುವನ್ನು ಗಾಳಿ ಆಡದಂಥ ಪಾತ್ರೆಯಲ್ಲಿ 200ರಿಂದ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ನಿಮಿಷದಿಂದ ಒಂದು ತಾಸಿನವರೆಗೆ ಕಾಯಿಸುತ್ತಾರೆ. "ಗಾಳಿ ಆಡದಂಥ" ಎಂಬ ಮಾತಿಗೆ ಗೆರೆ ಎಳೆಯಿರಿ. ಆಕ್ಸಿಜನ್ ಸಿಕ್ಕರೆ ಅದು ಹುರಿಯುವುದಲ್ಲ, ಸುಡುವುದು.

ಒಳಗೆ ಏನು ನಡೆಯುತ್ತದೆ ನೋಡೋಣ. ಕಟಗಿಯ ಮೈಯಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ: ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್. ಮನೆಗೆ ಸ್ಲ್ಯಾಬ್ ಹಾಕುವುದನ್ನು ನೋಡಿದ್ದೀರಲ್ಲ? ಕಬ್ಬಿಣದ ಸರಳುಗಳಂತೆ ಇರುವುದು ಸೆಲ್ಯುಲೋಸ್. ಸರಳುಗಳನ್ನು ಒಂದಕ್ಕೊಂದು ಬಿಗಿಯುವ ತಂತಿಯಂತೆ ಇರುವುದು ಹೆಮಿಸೆಲ್ಯುಲೋಸ್. ಸುತ್ತ ತುಂಬಿ ಗಟ್ಟಿ ಮಾಡುವ ಸಿಮೆಂಟಿನಂತೆ ಇರುವುದು ಲಿಗ್ನಿನ್.

ಮೂರರಲ್ಲಿ ಶಾಖಕ್ಕೆ ಬೇಗ ಸೋಲುವುದು ಹೆಮಿಸೆಲ್ಯುಲೋಸ್. ಅದು ಸುಮಾರು 220ರಿಂದ 300 ಡಿಗ್ರಿಯ ನಡುವೆ ಒಡೆಯುತ್ತದೆ. ಸೆಲ್ಯುಲೋಸ್ ಹೆಚ್ಚಾಗಿ 300 ಡಿಗ್ರಿ ದಾಟಿದ ಮೇಲೆ ಒಡೆಯುತ್ತದೆ. ಲಿಗ್ನಿನ್ ನಿಧಾನ, ಬಹಳ ಬಿಸಿಯವರೆಗೂ ತಾಳುತ್ತದೆ. ಆದ್ದರಿಂದ 250–300 ಡಿಗ್ರಿಯಲ್ಲಿ ಹುರಿದರೆ ಕಟ್ಟಿದ ತಂತಿ ಮಾತ್ರ ಬಿಚ್ಚಿಹೋಗುತ್ತದೆ. ಸರಳು, ಸಿಮೆಂಟು ಬಹುಪಾಲು ಉಳಿಯುತ್ತವೆ. ಬಿಗಿ ಇಲ್ಲದ ಗೋಡೆ ಒಂದೇ ಏಟಿಗೆ ಉದುರುವಂತೆ, ಹುರಿದ ಕಟಗಿ ಬೆರಳಲ್ಲೇ ಮುರಿಯುತ್ತದೆ. ಗಿರಣಿಗೆ ಬೇಕಾದದ್ದೂ ಇದೇ. ಹುರಿದದ್ದನ್ನು ಬೀಸಲು ಹಸಿದಕ್ಕಿಂತ ಹಲವು ಪಟ್ಟು ಕಡಿಮೆ ವಿದ್ಯುತ್ ಸಾಕು.

ಇನ್ನೊಂದು ಬದಲಾವಣೆಯೂ ಆಗುತ್ತದೆ. ಸಸ್ಯದ ಅಣುಗಳ ಮೇಲೆ ಆಕ್ಸಿಜನ್–ಹೈಡ್ರೋಜನ್ ಜೋಡಿಗಳಿರುತ್ತವೆ. ಇವುಗಳ ಹೆಸರು ಹೈಡ್ರಾಕ್ಸಿಲ್ ಗುಂಪು. ನೀರು ಬಂದು ಅಂಟಿಕೊಳ್ಳುವುದು ಇವಕ್ಕೇ. ಹುರಿದಾಗ ಇಂಥ ಬಹಳಷ್ಟು ಗುಂಪುಗಳು ಕಳಚಿಹೋಗುತ್ತವೆ. ಆಮೇಲೆ ಕಟಗಿ ನೀರನ್ನು ಅಷ್ಟಾಗಿ ಹೀರುವುದಿಲ್ಲ. ಕೊಳೆಯುವುದೂ ಕಡಿಮೆ. ಬಣ್ಣ ಚಾಕೊಲೇಟಿನಂತೆ ಕಂದು, ಇನ್ನೂ ಹುರಿದರೆ ಕಪ್ಪು.

"ಹಂಗಾದ್ರ ಇದು ಇದ್ದಿಲೇ ಅಲ್ಲೇನು?" ಎಂದು ಕೇಳಿದರೆ, ಅಲ್ಲ. ಇದ್ದಿಲು ಮಾಡಲು ಇದಕ್ಕಿಂತ ಹೆಚ್ಚು, 400 ಡಿಗ್ರಿ ಮತ್ತು ಮೇಲಿನ ಬಿಸಿ ಬೇಕು. ಅಲ್ಲಿ ಕಟಗಿಯ ಶಕ್ತಿಯ ದೊಡ್ಡ ಪಾಲು ಹೊಗೆಯಾಗಿ ಹೋಗುತ್ತದೆ. ಹುರಿಯುವುದು ಕಟಗಿಗೂ ಇದ್ದಿಲಿಗೂ ನಡುವಿನ ಹದ. ಹದ ತಪ್ಪಿದರೆ ನಷ್ಟ.

ತೂಕ ಹೋಯಿತು, ಶಾಖ ಉಳಿಯಿತು

ಒಳ್ಳೆಯ ಹದದಲ್ಲಿ ಹುರಿದರೆ ಸ್ಥೂಲವಾಗಿ ತೂಕದಲ್ಲಿ ನೂರಕ್ಕೆ 70 ಉಳಿಯುತ್ತದೆ, ಶಾಖದಲ್ಲಿ ನೂರಕ್ಕೆ 90 ಉಳಿಯುತ್ತದೆ. ಲೆಕ್ಕ ಹಾಕಿ.

100 ಕಿಲೋ ಒಣ ಕಟಗಿ × 4,000 = 4,00,000 ಕಿಲೋಕ್ಯಾಲರಿ
ಹುರಿದ ಮೇಲೆ ಉಳಿದ ತೂಕ = 70 ಕಿಲೋ
ಉಳಿದ ಶಾಖ = 3,60,000 ಕಿಲೋಕ್ಯಾಲರಿ
ಒಂದು ಕಿಲೋಗೆ = 3,60,000 ÷ 70 = ಸುಮಾರು 5,100 ಕಿಲೋಕ್ಯಾಲರಿ

ತೂಕ 30 ಕಿಲೋ ಹೋಯಿತು, ಶಾಖ ಮಾತ್ರ ಹತ್ತೇ ಪಾಲು ಹೋಯಿತು. ಇದು ಹೇಗೆ? ಸೆಲ್ಯುಲೋಸಿನ ಸೂತ್ರದಲ್ಲಿ ಒಂದು ಘಟಕಕ್ಕೆ 6 ಇಂಗಾಲ, 10 ಹೈಡ್ರೋಜನ್, 5 ಆಕ್ಸಿಜನ್ ಪರಮಾಣು. ತೂಕ ಕೂಡಿಸಿ: 72 + 10 + 80 = 162. ಅಂದರೆ ತೂಕದ ಅರ್ಧದಷ್ಟು ಆಕ್ಸಿಜನ್ನೇ. ಆಕ್ಸಿಜನ್ ಉರಿಯುವ ವಸ್ತುವಲ್ಲ, ಉರಿಸುವ ವಸ್ತು. ಇಂಧನದೊಳಗೆ ಅದು ಹೊರೆ ಮಾತ್ರ. ಹುರಿದಾಗ ಹೊರಗೆ ಹೋಗುವುದು ಹೆಚ್ಚಾಗಿ ನೀರು, ಇಂಗಾಲದ ಡೈಆಕ್ಸೈಡ್, ಅಸಿಟಿಕ್ ಆಮ್ಲದಂಥ ಆಕ್ಸಿಜನ್ ತುಂಬಿದ ವಸ್ತುಗಳು. ಹೊರೆ ಇಳಿಯಿತು, ಇಂಗಾಲ ಬಹುಪಾಲು ಉಳಿಯಿತು.

ಹೊರಗೆ ಹೋದ ಅನಿಲದಲ್ಲಿ ಉರಿಯುವ ಪಾಲೂ ಇರುತ್ತದೆ. ಅದನ್ನು ಹಾಳುಮಾಡದೆ ಹುರಿಯುವ ಭಟ್ಟಿಯ ಕೆಳಗೇ ಸುಟ್ಟು, ಮುಂದಿನ ಕಟಗಿಯನ್ನು ಕಾಯಿಸಲು ಬಳಸುತ್ತಾರೆ. ಅದನ್ನು ಹಾಗೇ ಗಾಳಿಗೆ ಬಿಟ್ಟರೆ ಊರಿಗೆಲ್ಲ ಕಟುವಾದ ಹೊಗೆ. ಉಳಿಸಿದ್ದಕ್ಕಿಂತ ಕೆಡಿಸಿದ್ದೇ ಹೆಚ್ಚಾದೀತು.

ಹುರಿದರೂ ಹೋಗದ ತೊಂದರೆ

ಒಲೆಯ ಬೂದಿಯಿಂದ ಪಾತ್ರೆ ತಿಕ್ಕುವುದನ್ನು ನೀವು ನೋಡಿದ್ದೀರಿ. ಬೂದಿಯನ್ನು ಬೆಳೆಗೆ ಹಾಕುವುದನ್ನೂ ನೋಡಿದ್ದೀರಿ. ಬೂದಿಯಲ್ಲಿ ಪೊಟ್ಯಾಸಿಯಂ ಇದೆ, ಅದಕ್ಕೇ ಅದು ಗೊಬ್ಬರ. ಬೆಳೆಗೆ ಒಳ್ಳೆಯದಾದ ಈ ಪೊಟ್ಯಾಸಿಯಂ ಬಾಯ್ಲರಿಗೆ ಕೆಟ್ಟದ್ದು. ಬೂದಿಯ ಸಿಲಿಕಾ ಜೊತೆ ಸೇರಿದರೆ ಅದು ಬೂದಿಯ ಕರಗುವ ಬಿಸಿಯನ್ನು ಇಳಿಸುತ್ತದೆ. ಪುಡಿಯಾಗಿ ಬೀಳಬೇಕಾದ ಬೂದಿ ಬೆಲ್ಲದ ಪಾಕದಂತೆ ಕೊಳವೆಗಳಿಗೆ ಅಂಟುತ್ತದೆ. ಕ್ಲೋರಿನ್ ಕೂಡ ಇದ್ದರೆ ಲೋಹ ಸವೆಯುತ್ತದೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ, ಪೊಟ್ಯಾಸಿಯಂ ಎರಡೂ ಹೆಚ್ಚು.

ಹುರಿದರೆ ಪೊಟ್ಯಾಸಿಯಂ ಹೋಗುವುದಿಲ್ಲ. ತೂಕ ಇಳಿದದ್ದರಿಂದ ಅದರ ಪ್ರಮಾಣ ಇನ್ನೂ ಏರುತ್ತದೆ. ಅದಕ್ಕೆ ಮದ್ದು ನೀರು. ಪೊಟ್ಯಾಸಿಯಂ, ಕ್ಲೋರಿನ್ನಿನ ಬಹುಪಾಲು ನೀರಿನಲ್ಲಿ ಕರಗುವ ಲವಣಗಳ ರೂಪದಲ್ಲಿರುತ್ತವೆ. ಹುಲ್ಲನ್ನು ತೊಳೆದರೆ ಇಳಿದುಹೋಗುತ್ತವೆ. 1993ರಲ್ಲೇ ಡೆನ್ಮಾರ್ಕ್ ದೇಶ ತನ್ನ ವಿದ್ಯುತ್ ಸ್ಥಾವರಗಳು ಹುಲ್ಲು ಬಳಸಬೇಕೆಂದು ನಿರ್ಧರಿಸಿತು. ಅಲ್ಲಿನವರು ಕೊಯ್ದ ಕೂಡಲೇ ತಂದ ಹಳದಿ ಹುಲ್ಲಿಗಿಂತ, ಹೊಲದಲ್ಲೇ ಬಿದ್ದು ಮಳೆಗೆ ತೊಳೆದು ಬೂದುಬಣ್ಣಕ್ಕೆ ತಿರುಗಿದ ಹುಲ್ಲೇ ಬಾಯ್ಲರಿಗೆ ಮೇಲು ಎಂದು ಕಂಡುಕೊಂಡರು. ತೊಳೆದ ಪೊಟ್ಯಾಸಿಯಂ ಹೊಲದಲ್ಲೇ ಉಳಿಯಿತು. ಬೆಳೆಗೂ ಒಳ್ಳೆಯದು, ಬಾಯ್ಲರಿಗೂ ಒಳ್ಳೆಯದು.

ಕಲ್ಲಿದ್ದಲಿನ ಜೊತೆ ಸ್ವಲ್ಪವೇ ಬೆರೆಸಿದರೆ ಈ ತೊಂದರೆ ತಡೆದುಕೊಳ್ಳುವಷ್ಟು ಇರುತ್ತದೆ. ಬೆರಕೆಯ ಪ್ರಮಾಣವನ್ನು ಸಣ್ಣದಾಗಿ ಇಡುವುದಕ್ಕೆ ಇದೂ ಒಂದು ಕಾರಣ.

ಒಂದು ದಿನದ ಲೆಕ್ಕ

ಈಗ 1320 ಮೆಗಾವ್ಯಾಟಿನ ಒಂದು ಸ್ಥಾವರವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅದು ಇಡೀ ದಿನ ಪೂರ್ಣ ಸಾಮರ್ಥ್ಯದಲ್ಲಿ ನಡೆಯಿತು ಎನ್ನಿ. ನಿಜವಾಗಿ ಎಲ್ಲ ದಿನವೂ ಹಾಗೆ ನಡೆಯುವುದಿಲ್ಲ; ಲೆಕ್ಕ ಸರಳವಾಗಲಿ ಎಂದು ಹೀಗೆ ಹಿಡಿದಿದ್ದೇವೆ. ಒಂದು ಯೂನಿಟ್ ವಿದ್ಯುತ್ತಿಗೆ 0.6 ಕಿಲೋ ಕಲ್ಲಿದ್ದಲು, ಕಲ್ಲಿದ್ದಲಿನ ಶಾಖ ಕಿಲೋಗೆ 4,000, ಹುರಿದ ಪೆಲೆಟಿನ ಶಾಖ 5,000 ಕಿಲೋಕ್ಯಾಲರಿ ಎಂದೂ ಹಿಡಿಯೋಣ.

ದಿನದ ವಿದ್ಯುತ್: 1320 × 24 = 31,680 ಮೆಗಾವ್ಯಾಟ್ ತಾಸು, ಅಂದರೆ 3 ಕೋಟಿ 16 ಲಕ್ಷ 80 ಸಾವಿರ ಯೂನಿಟ್.
ಬೇಕಾದ ಕಲ್ಲಿದ್ದಲು: ಸುಮಾರು 19,000 ಟನ್.
ಹೊರಬರುವ ಇಂಗಾಲದ ಡೈಆಕ್ಸೈಡ್: 19,000 × 1.47 = ಸುಮಾರು 28,000 ಟನ್.

ಈಗ ತೂಕದಲ್ಲಿ ನೂರಕ್ಕೆ ಐದರಷ್ಟು ಹುರಿದ ಪೆಲೆಟ್ ಹಾಕೋಣ.

ಪೆಲೆಟ್: 950 ಟನ್.
ಅದು ಉಳಿಸುವ ಕಲ್ಲಿದ್ದಲು: 950 × 5,000 ÷ 4,000 = ಸುಮಾರು 1,190 ಟನ್.
ಉಳಿಸಿದ ಇಂಗಾಲದ ಡೈಆಕ್ಸೈಡ್: 1,190 × 1.47 = ಸುಮಾರು 1,750 ಟನ್.

ಒಂದೇ ದಿನಕ್ಕೆ 1,750 ಟನ್! ಆದರೆ ಇನ್ನೂ ಸಂತೋಷಪಡಬೇಡಿ. 950 ಟನ್ ಪೆಲೆಟ್ ಆಗಬೇಕಾದರೆ ಒಣ ಕಟಗಿ ಎಷ್ಟು ಬೇಕು? 950 ÷ 0.7 = ಸುಮಾರು 1,360 ಟನ್. ಎಕರೆಗೆ ಒಂದು ಟನ್ ತೊಗರಿ ಕಟಗಿ ಸಿಗುತ್ತದೆ ಎಂದು ಹಿಡಿದರೆ ದಿನಕ್ಕೆ 1,360 ಎಕರೆ. ವರ್ಷಕ್ಕೆ? 365ರಿಂದ ಗುಣಿಸಿ. ಸುಮಾರು ಐದು ಲಕ್ಷ ಎಕರೆ. ಒಂದೇ ಸ್ಥಾವರದ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಷ್ಟು! ಕಲ್ಲಿದ್ದಲು ಎಂಥ ದಟ್ಟವಾದ ಇಂಧನ, ನಾವು ಅದನ್ನು ಎಷ್ಟು ಸುಡುತ್ತಿದ್ದೇವೆ ಎಂಬುದು ಈ ಒಂದು ಸಂಖ್ಯೆಯಿಂದ ತಿಳಿಯುತ್ತದೆ.

ಲೆಕ್ಕದಲ್ಲಿ ಬಿಟ್ಟುಹೋಗುವ ಸಾಲುಗಳು

ಖರ್ಚಿನ ಪಟ್ಟಿಯಲ್ಲಿ ಕೆಲವು ಸಾಲು ಬಿಟ್ಟರೆ ಯಾವ ವ್ಯಾಪಾರವೂ ಲಾಭದ್ದೇ. ಇಲ್ಲಿಯೂ ಹಾಗೆ. ಬಿಟ್ಟ ಸಾಲುಗಳನ್ನು ಬರೆಯೋಣ.

ಸಾಗಣೆ: ಹತ್ತು ಟನ್ನಿನ ಲಾರಿ ಹೋಗಿ ಬರಲು 100 ಕಿಲೋಮೀಟರ್ ಓಡಿ 25 ಲೀಟರ್ ಡೀಸೆಲ್ ಸುಟ್ಟಿತು ಎನ್ನಿ. ಒಂದು ಲೀಟರ್ ಡೀಸೆಲ್ಲಿಗೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. 95 ಲಾರಿಗೆ ಎಷ್ಟಾಯಿತು? ಆರೂವರೆ ಟನ್ನಿಗೂ ಕಡಿಮೆ. 1,750ರ ಮುಂದೆ ಇದು ಸಣ್ಣದು. ಆದರೆ ಪೆಲೆಟ್ ಮಾಡದೆ ಬಿಡಿ ಕಟಗಿಯನ್ನೇ ಒಯ್ದರೆ ಲಾರಿಗಳ ಸಂಖ್ಯೆ ಹಲವು ಪಟ್ಟು ಏರುತ್ತದೆ. ಆದ್ದರಿಂದ ಹುರಿದು ಒತ್ತುವ ಯಂತ್ರ ಹೊಲಗಳ ಹತ್ತಿರ ಇರಬೇಕು, ಸ್ಥಾವರದ ಹತ್ತಿರ ಅಲ್ಲ.

ದನದ ಪಾಲು: ಜೋಳದ ಕಣಕಿ ದನದ ಮೇವು. ಬರಗಾಲದಲ್ಲಿ ಕಣಕಿಯ ಬೆಲೆ ಏನಾಗುತ್ತದೆ ಎಂದು ಜತ್, ಅಕ್ಕಲಕೋಟೆ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಮೇವನ್ನು ಬಾಯ್ಲರಿಗೆ ಹಾಕಿ ದನವನ್ನು ಸಂತೆಗೆ ಹೊಡೆಯುವುದು ವಿಜ್ಞಾನವಲ್ಲ.

ನೆಲದ ಪಾಲು: ಕಬ್ಬಿನ ರವದಿಯನ್ನು ಸಾಲಿನಲ್ಲೇ ಹೊದಿಸಿದರೆ ತೇವ ಉಳಿಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಎಲ್ಲವನ್ನೂ ಬಳಿದು ಒಯ್ದರೆ ಮಣ್ಣು ಬಡವಾಗುತ್ತದೆ.

ಒಲೆಯ ಪಾಲು: ಮರಾಠಿಯವರು ತುರಾಟಿ ಎನ್ನುವ ತೊಗರಿ ಕಟಗಿಯನ್ನು ಯಾರು ಬಳಸುತ್ತಾರೆ ಎಂದು ಊರಲ್ಲಿ ವಿಚಾರಿಸಿ. ಗ್ಯಾಸ್ ಸಿಲಿಂಡರ್ ತುಂಬಿಸಲು ದುಡ್ಡಿಲ್ಲದ ತಿಂಗಳು ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದಲೇ. ಹೊಲದವರು ಇದುವರೆಗೆ ಕೂಲಿಯವರಿಗೆ ಪುಕ್ಕಟೆ ಒಯ್ಯಲು ಬಿಡುತ್ತಿದ್ದರು. ಅದಕ್ಕೆ ಟನ್ನಿನ ಲೆಕ್ಕದಲ್ಲಿ ಬೆಲೆ ಬಂದರೆ ರೈತನಿಗೆ ಲಾಭ, ಸರಿ. ಆದರೆ ಹೊಲವಿಲ್ಲದ ತಾಯಿ ಒಲೆಗೆ ಏನು ತರಬೇಕು? ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಯೋಜನೆ ಮಾಡಬೇಕು.

ಕಾಲದ ಪಾಲು: ಬೆಳೆಯ ಶೇಷದ ಇಂಗಾಲ ಒಂದು ವರ್ಷದಲ್ಲಿ ತಿರುಗಿ ಬರುತ್ತದೆ. ಮರ ಕಡಿದು ಸುಟ್ಟರೆ? ಅಷ್ಟು ದೊಡ್ಡ ಮರ ಮತ್ತೆ ಬೆಳೆಯಲು ಹತ್ತಾರು ವರ್ಷ. ಅಲ್ಲಿಯವರೆಗೆ ಆ ಇಂಗಾಲ ಗಾಳಿಯಲ್ಲೇ ಸಾಲವಾಗಿ ನಿಂತಿರುತ್ತದೆ. ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿರುವ ಡ್ರ್ಯಾಕ್ಸ್ ಎಂಬ ದೊಡ್ಡ ಕಲ್ಲಿದ್ದಲು ಸ್ಥಾವರ ಈಗ ಕಟ್ಟಿಗೆಯ ಪೆಲೆಟಿನಿಂದ ನಡೆಯುತ್ತಿದೆ. ಪೆಲೆಟ್ ಬರುವುದು ಹೆಚ್ಚಾಗಿ ಸಮುದ್ರದಾಚೆಯ ಅಮೆರಿಕ, ಕೆನಡಾದಿಂದ. ಇದು ನಿಜವಾಗಿ ಇಂಗಾಲ ಉಳಿಸುತ್ತದೆಯೇ ಎಂದು ವಿಜ್ಞಾನಿಗಳಲ್ಲೇ ವಾದ ನಡೆದಿದೆ. ನೀವು ಕಲಿಯಬೇಕಾದದ್ದು ಇಷ್ಟು: "ಸಸ್ಯದಿಂದ ಬಂದದ್ದು" ಎಂದ ಮಾತ್ರಕ್ಕೆ ಇಂಧನ ಶುದ್ಧವಾಗುವುದಿಲ್ಲ. ಯಾವ ಸಸ್ಯ, ಎಲ್ಲಿಂದ, ಎಷ್ಟು ಬೇಗ ಮತ್ತೆ ಬೆಳೆಯುತ್ತದೆ ಎಂದು ಕೇಳಲೇಬೇಕು.

ಕೊನೆಯ ಸಾಲು ಎಲ್ಲಕ್ಕಿಂತ ದೊಡ್ಡದು. ನೂರರಲ್ಲಿ ಐದು ಬದಲಾಯಿಸಿದರೆ 95 ಕಲ್ಲಿದ್ದಲೇ ಉಳಿಯುತ್ತದೆ. ಇದು ಸೌರಶಕ್ತಿ, ಗಾಳಿಶಕ್ತಿಗಳ ಜಾಗ ತುಂಬುವುದಿಲ್ಲ. ಈಗಿರುವ ಬಾಯ್ಲರುಗಳು ನಡೆಯುವವರೆಗೆ ಅವುಗಳ ಹೊರೆಯನ್ನು ಸ್ವಲ್ಪ ಇಳಿಸುತ್ತದೆ, ಅಷ್ಟೇ.

ನಮ್ಮ ದೇಶದಲ್ಲಿ ಏನು ನಡೆದಿದೆ?

ಭಾರತದಲ್ಲಿ ವರ್ಷಕ್ಕೆ ಸುಮಾರು 75 ಕೋಟಿ ಟನ್ ಸಸ್ಯಶೇಷ ಸಿಗುತ್ತದೆಂದೂ, ಮೇವು ಮುಂತಾದ ಬಳಕೆ ಕಳೆದು ಸುಮಾರು 23 ಕೋಟಿ ಟನ್ ಹೆಚ್ಚುವರಿಯಾಗಿ ಉಳಿಯುತ್ತದೆಂದೂ ಕೇಂದ್ರ ಸರ್ಕಾರದ ಅಂದಾಜು. ಪಂಜಾಬ, ಹರಿಯಾಣಗಳಲ್ಲಿ ಭತ್ತ ಕೊಯ್ದ ಮೇಲೆ ಗೋಧಿ ಬಿತ್ತಲು ಸಮಯ ಕಡಿಮೆ. ರೈತರು ಕೂಳೆಗೆ ಬೆಂಕಿ ಹಾಕುತ್ತಾರೆ. ಚಳಿಗಾಲದ ಮೊದಲಲ್ಲಿ ದೆಹಲಿಯ ಆಕಾಶ ಮಬ್ಬಾಗಲು ಆ ಹೊಗೆಯೂ ಒಂದು ಕಾರಣ. ಹೊಲದಲ್ಲಿ ಸುಟ್ಟು ಹಾಳುಮಾಡುವುದನ್ನು ಬಾಯ್ಲರಿನಲ್ಲಿ ಸುಟ್ಟು ಬೆಳಕು ಮಾಡಬಾರದೇಕೆ ಎಂದು ಯೋಚಿಸಿ, 2017ರಲ್ಲಿ ಉತ್ತರ ಪ್ರದೇಶದ ದಾದ್ರಿ ಸ್ಥಾವರದಲ್ಲಿ ಎನ್‌ಟಿಪಿಸಿ ಪೆಲೆಟ್ ಬೆರೆಸಿ ನೋಡಿತು.

2021ರಲ್ಲಿ ವಿದ್ಯುತ್ ಸಚಿವಾಲಯ 'ಸಮರ್ಥ' ಎಂಬ ರಾಷ್ಟ್ರೀಯ ಮಿಷನ್ ಆರಂಭಿಸಿ, ಸ್ಥಾವರಗಳು ಪೆಲೆಟ್ ಬೆರೆಸಲೇಬೇಕೆಂದು ನೀತಿ ಮಾಡಿತು. 2023ರ ತಿದ್ದುಪಡಿಯಲ್ಲಿ 2024-25ರಿಂದ ನೂರಕ್ಕೆ 5, 2025-26ರಿಂದ ನೂರಕ್ಕೆ 7 ಎಂದು ಗುರಿ ಇಟ್ಟಿತು. ಗಮನಿಸಬೇಕಾದ ಒಂದು ಮಾತು: ಉಕ್ಕಿನ ಗುಂಡುಗಳು ಉರುಳುವ ಸಿಲಿಂಡರಿನಂಥ ಗಿರಣಿ ಇರುವ ಸ್ಥಾವರಗಳು ಹುರಿದ ಪೆಲೆಟನ್ನೇ ಬಳಸಬೇಕು ಎಂದು 2021ರ ನೀತಿ ಹೇಳಿತು. ಯಾಕೆ ಎಂದು ಈಗ ನೀವೇ ಹೇಳಬಲ್ಲಿರಿ.

ಮಾಡಿ ನೋಡಿ

ಇದನ್ನು ಶಿಕ್ಷಕರ ಜೊತೆ, ಶಾಲೆಯ ಬಯಲಿನಲ್ಲಿ, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟುಕೊಂಡೇ ಮಾಡಬೇಕು. ಒಬ್ಬರೇ ಮಾಡಬೇಡಿ.

ಬೇಕಾದದ್ದು: ಎರಡು ದಿನ ಬಿಸಿಲಿಗೆ ಒಣಗಿಸಿದ ಶೇಂಗಾ ಸಿಪ್ಪೆ 100 ಗ್ರಾಂ, ಕಬ್ಬಿಣದ ಬಾಣಲೆ, ಒಣ ಮರಳು, ಜರಡಿ, ಒಂದು ಗ್ರಾಂವರೆಗೆ ತೋರಿಸುವ ತಕ್ಕಡಿ.

1. 50 ಗ್ರಾಂ ಸಿಪ್ಪೆಯನ್ನು ಬೇರೆ ಇಡಿ. ಇದು ಹೋಲಿಕೆಗೆ.
2. ಬಾಣಲೆಯಲ್ಲಿ ಮರಳು ಕಾಯಿಸಿ. ಉಳಿದ 50 ಗ್ರಾಂ ಸಿಪ್ಪೆಯನ್ನು ಮರಳಿನೊಳಗೆ ಪೂರ್ತಿ ಹೂತುಬಿಡಿ. ಮರಳು ಮುಚ್ಚಿದರೆ ಗಾಳಿ ಕಡಿಮೆ ತಾಗುತ್ತದೆ. ಸಣ್ಣ ಉರಿಯಲ್ಲಿ 20 ನಿಮಿಷ ಇಡಿ. ಹೊಗೆ ಹೆಚ್ಚಾದರೆ ಉರಿ ಇಳಿಸಿ, ಬಗ್ಗಿ ನೋಡಬೇಡಿ.
3. ಉರಿ ಆರಿಸಿ. ಮರಳು ಪೂರ್ತಿ ತಣ್ಣಗಾಗುವವರೆಗೆ ತೆಗೆಯಬೇಡಿ. ಬಿಸಿ ಇರುವಾಗ ಗಾಳಿ ತಾಗಿದರೆ ಹೊತ್ತಿಕೊಳ್ಳಬಹುದು.
4. ಜರಡಿ ಹಿಡಿದು, ಸಿಪ್ಪೆ ಒರೆಸಿ ತೂಗಿ. ಎಷ್ಟು ಗ್ರಾಂ ಹೋಯಿತು?
5. ಹುರಿದದ್ದು, ಹುರಿಯದ್ದು ಎರಡನ್ನೂ ಬೆರಳಿನಿಂದ ಪುಡಿಮಾಡಿ ನೋಡಿ.
6. ಎರಡರಿಂದಲೂ ಹತ್ತು ಹತ್ತು ಗ್ರಾಂ ತೆಗೆದು ಒಂದು ತಾಸು ನೀರಿನಲ್ಲಿ ಮುಳುಗಿಸಿ, ಬಟ್ಟೆಯಿಂದ ಒರೆಸಿ ಮತ್ತೆ ತೂಗಿ. ಯಾವುದು ಹೆಚ್ಚು ನೀರು ಕುಡಿಯಿತು?

ಫಲಿತಾಂಶವನ್ನು ಕೋಷ್ಟಕದಲ್ಲಿ ಬರೆಯಿರಿ. ನಿಮ್ಮ ಅಂಕಿಗಳು ಪಾಠದ ಅಂಕಿಗಳಿಗೆ ಹೊಂದದಿದ್ದರೆ ತಿದ್ದಬೇಡಿ. ಯಾಕೆ ಹೊಂದಲಿಲ್ಲ ಎಂದು ಚರ್ಚಿಸಿ.

ಯೋಚಿಸಿ, ಉತ್ತರಿಸಿ

1. ಹುರಿಯುವ ಪಾತ್ರೆಗೆ ಗಾಳಿ ಹೋದರೆ ಏನಾಗುತ್ತದೆ?
2. ನೂರರಲ್ಲಿ 30 ಪಾಲು ನೀರಿರುವ ಒಂದು ಕಿಲೋ ಕಟಗಿಯಿಂದ ಕೈಗೆ ಸಿಗುವ ಶಾಖ ಎಷ್ಟು?
3. ನೂರಕ್ಕೆ 7ರಷ್ಟು ಹುರಿದ ಪೆಲೆಟ್ ಬೆರೆಸಿದರೆ ಒಂದು ದಿನದಲ್ಲಿ ಉಳಿಯುವ ಇಂಗಾಲದ ಡೈಆಕ್ಸೈಡ್ ಎಷ್ಟು? ಅದಕ್ಕೆ ಬೇಕಾದ ಎಕರೆ ಎಷ್ಟು?
4. ಪೊಟ್ಯಾಸಿಯಂ ಹೊಲದಲ್ಲಿ ಮಿತ್ರ, ಬಾಯ್ಲರಿನಲ್ಲಿ ಶತ್ರು. ವಿವರಿಸಿ.
5. ನಿಮ್ಮ ಓಣಿಯ ಹತ್ತು ಮನೆಗಳಲ್ಲಿ ಕೇಳಿ ಬನ್ನಿ: ಹೋದ ಸುಗ್ಗಿಯ ತೊಗರಿ ಕಟಗಿ, ಹತ್ತಿ ಕಟಗಿ, ಕಣಕಿ, ರವದಿ ಎಲ್ಲಿಗೆ ಹೋಯಿತು? ದನಕ್ಕೆ, ಒಲೆಗೆ, ಗೊಬ್ಬರಕ್ಕೆ, ಬದುವಿನ ಬೆಂಕಿಗೆ ಎಂದು ನಾಲ್ಕು ಸಾಲು ಮಾಡಿ ಬರೆಯಿರಿ. ಬೆಂಕಿಯ ಸಾಲಿನಲ್ಲಿ ಬಂದದ್ದು ಎಷ್ಟೋ, ನಿಮ್ಮ ಊರು ವಿದ್ಯುತ್ ಸ್ಥಾವರಕ್ಕೆ ಯಾರ ಪಾಲನ್ನೂ ಕಸಿಯದೆ ಕೊಡಬಲ್ಲದ್ದು ಅಷ್ಟೇ.